ಆಟದ ಬಯಲು

ಬೆಳೆಯುವ ಮೈಗೆ ಅನ್ನವೆಷ್ಟು ಅವಶ್ಯಕವೋ ಆಟವೂ ಅಷ್ಟೇ ಅವಶ್ಯಕ. 5ರಿಂದ 17 ವರ್ಷದೊಳಗಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತಹ ಚಟುವಟಿಕೆಯಲ್ಲಿ ತೊಡಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ಆ ಅರವತ್ತು ನಿಮಿಷಗಳು ಎಲ್ಲ ಮಕ್ಕಳಿಗೂ ಸಮನಾಗಿ ದೊರೆಯುತ್ತಿವೆಯೇ?

ನಗರದ ಸಿರಿವಂತರ ಶಾಲೆಯಲ್ಲಿ ಹುಲ್ಲುಹಾಸಿನ ಮೈದಾನವುಂಟು, ಈಜುಕೊಳವುಂಟು, ಆಟಕ್ಕೊಬ್ಬ ತರಬೇತುದಾರನುಂಟು. ಅದೇ ನಗರದಲ್ಲಿ ಬಾಡಿಗೆಯ ಕಟ್ಟಡದ ಮೇಲಂತಸ್ತಿನಲ್ಲಿ ನಡೆಯುವ ಶಾಲೆಯ ಮಕ್ಕಳಿಗೆ ಮೆಟ್ಟಿಲೇ ಮೈದಾನ. ಹಳ್ಳಿಯಲ್ಲಿ ಬಯಲಿಗೆ ಬರವಿಲ್ಲದಿರಬಹುದು, ಆಡಿಸುವವರಿಗೆ ಬರ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಆಟದ ಮೈದಾನವೂ ಕ್ರೀಡಾ ಸಾಮಗ್ರಿಯೂ ಇರಬೇಕೆಂದು ವಿಧಿಸಿದೆ. ಆದರೆ ಅದರ ಅನುಸೂಚಿಯನ್ನು ಗಮನವಿಟ್ಟು ಓದಬೇಕು. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂಬುದು 6ರಿಂದ 8ನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಮಾತ್ರ. ನೂರು ಮಕ್ಕಳಿಲ್ಲದ ಶಾಲೆಗಳು ಎಲ್ಲಿರುತ್ತವೆ? ಬಹುಮಟ್ಟಿಗೆ ಸಣ್ಣ ಹಳ್ಳಿಗಳಲ್ಲಿ, ಕೂಲಿಕಾರರ ಮಕ್ಕಳು ಕಲಿಯುವೆಡೆಯಲ್ಲಿ. ಒಂಬತ್ತನೆಯ ತರಗತಿಯವರಾದ ನೀವಂತೂ ಆ ಕಾಯಿದೆಯ ಎಲ್ಲೆಯನ್ನೇ ದಾಟಿದವರು.

"ಬಡವರ ಮಕ್ಕಳು ಮನೆಯಲ್ಲಿ ಮೈಮುರಿದು ದುಡಿಯುತ್ತಾರಲ್ಲ, ಅವರಿಗೇಕೆ ವ್ಯಾಯಾಮ?" ಎಂದು ಕೇಳುವವರುಂಟು. ಓದಿದವರ ಬಾಯಲ್ಲಿಯೇ ಈ ಮಾತನ್ನು ಕೇಳಿದ್ದೇನೆ. ನೀರಿನ ಕೊಡ ಹೊತ್ತು ಬರುವ ಬಾಲಕಿಯ ಸೊಂಟ ನೋಯುತ್ತದೆ, ನಿಜ. ಆದರೆ ದಣಿವಾಯಿತೆಂದು ಕೊಡವನ್ನು ಕೆಳಗಿಟ್ಟು ಓಡಿಹೋಗುವ ಸ್ವಾತಂತ್ರ್ಯ ಅವಳಿಗಿಲ್ಲ. ಜೊತೆಗಾರರೊಡನೆ ಗೆಲ್ಲುವ ಹಿಗ್ಗಿಲ್ಲ, ಸೋತು ನಗುವ ಅವಕಾಶವಿಲ್ಲ. ದುಡಿಮೆಯನ್ನು ಆಟವೆಂದು ಕರೆಯುವುದು ಹಸಿವನ್ನು ಉಪವಾಸವ್ರತವೆಂದು ಕರೆದಂತೆ.

ಆಟಕ್ಕೆ ಅಪಾರ ಹಣ ಬೇಕೆಂಬುದೂ ಪೂರ್ಣ ಸತ್ಯವಲ್ಲ. ಪುರುಷರ ಕಬಡ್ಡಿ ಅಂಕಣವೇ 13 ಮೀಟರ್ ಉದ್ದ, 10 ಮೀಟರ್ ಅಗಲ. ಖೋಖೋ ಆಟಕ್ಕೆ ಎರಡು ಕಂಬ ನೆಟ್ಟು ಸುಣ್ಣದ ಗೆರೆ ಎಳೆದರಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರು ಗ್ರಾಮದ ಬಿ. ಚೈತ್ರಾ ಆಡಿದರು. ಊರು ಸಣ್ಣದಾದರೂ ಆಟ ಅಲ್ಲಿಗೆ ತಲುಪಿತ್ತು.

ಪರೀಕ್ಷೆ ಸಮೀಪಿಸಿದಂತೆ ವೇಳಾಪಟ್ಟಿಯಲ್ಲಿನ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಒಪ್ಪಿಸುವ ವಾಡಿಕೆ ಅನೇಕ ಶಾಲೆಗಳಲ್ಲಿದೆ. ಉಳ್ಳವರ ಮಗು ಸಂಜೆ ಶುಲ್ಕ ತೆತ್ತು ಕ್ಲಬ್ಬಿನಲ್ಲಿ ಆ ನಷ್ಟವನ್ನು ತುಂಬಿಕೊಳ್ಳುತ್ತದೆ. ಸಂಜೆ ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲಬೇಕಾದ ಬಾಲಕಿಗೆ ಶಾಲೆಯಲ್ಲಿ ಕಳೆದುಕೊಂಡ ಆ ನಲವತ್ತು ನಿಮಿಷ ಮತ್ತೆಲ್ಲಿಯೂ ದೊರೆಯದು.