ಮೋಟಾರು ಗಾಡಿಯ ಓಡಾಟವೂ ವರಮಾನ ತೆರಿಗೆಯ ವಜಾವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಾಯದ ಲಾಭಕ್ಕೂ ವರಮಾನ ತೆರಿಗೆಯುಂಟು. ಆದಕಾರಣ ಅಲ್ಲಿನ ರೈತನು ಬೀಜ, ಗೊಬ್ಬರ, ಕೂಲಿಗಳ ಖರ್ಚಿನಂತೆಯೇ, ತನ್ನ ಮೋಟಾರು ಗಾಡಿಯು ಬೇಸಾಯದ ಕೆಲಸಕ್ಕಾಗಿ ಓಡಿದ ಖರ್ಚನ್ನೂ ಉತ್ಪತ್ತಿಯಿಂದ ವಜಾ ಮಾಡಿಕೊಳ್ಳಬಹುದು. ಜಮೀನಿನ ಜತೆಗೆ ಅಕ್ಕಿಯ ಗಿರಣಿಯನ್ನೋ ಮಂಡಿಯನ್ನೋ ನಡೆಯಿಸುವ ನಮ್ಮ ಭೂಮಾಲಿಕರಿಗೂ ಈ ಕ್ರಮವು ತಿಳಿದಿರತಕ್ಕದ್ದಾಗಿದೆ.

ಲೆಕ್ಕಕ್ಕೆ ಎರಡು ದಾರಿಗಳಿವೆ. ಪೆಟ್ರೋಲು, ಟೈರು, ರಿಪೇರಿ, ವಿಮೆ, ಸವಕಳಿ ಇವೆಲ್ಲವನ್ನೂ ಬರೆದಿಟ್ಟು ಬೇಸಾಯಕ್ಕೆ ಸೇರಿದ ಭಾಗವನ್ನು ಮಾತ್ರ ಕಳೆಯುವುದು ಒಂದು. ಸರ್ಕಾರವು ಗೊತ್ತುಮಾಡಿದ ಮೈಲಿ ದರದಂತೆ ಕಳೆಯುವುದು ಇನ್ನೊಂದು. ಈ ದರವು 2024ರಲ್ಲಿ ಮೈಲಿಗೆ 67 ಸೆಂಟು, 2025ರಲ್ಲಿ 70 ಸೆಂಟು ಇದ್ದಿತು. ಮೈಲಿ ದರವನ್ನು ಹಿಡಿದವನು ಪೆಟ್ರೋಲು, ರಿಪೇರಿಗಳನ್ನು ಬೇರೆಯಾಗಿ ಕೇಳಕೂಡದು. ರಸ್ತೆಯ ಸುಂಕವನ್ನೂ ಗಾಡಿ ನಿಲ್ಲಿಸಲು ತೆತ್ತ ಹಣವನ್ನೂ ಸೇರಿಸಿಕೊಳ್ಳಬಹುದು. ಸ್ವಂತ ಗಾಡಿಯಾದರೆ, ಅದನ್ನು ಕೆಲಸಕ್ಕೆ ಹಚ್ಚಿದ ಮೊದಲನೆಯ ವರ್ಷದಲ್ಲಿಯೇ ಈ ದರವನ್ನು ಆರಿಸಿಕೊಳ್ಳತಕ್ಕದ್ದು.

ಒಬ್ಬ ರೈತನ ಗಾಡಿಯು 2025ರಲ್ಲಿ 12,000 ಮೈಲಿ ಓಡಿ, ಅದರಲ್ಲಿ 7,000 ಮೈಲಿ ಬೇಸಾಯದ್ದೆಂದು ಇಟ್ಟುಕೊಳ್ಳೋಣ. ವಜಾ 4,900 ಡಾಲರು. ಇಷ್ಟೂ ತೆರಿಗೆಯಲ್ಲಿ ದೊರೆಯುವ ಸೋಡಿಯೆಂದು ಭ್ರಮಿಸುವವರುಂಟು, ಹಾಗಲ್ಲ. ತೆರಿಗೆಗೆ ಒಳಪಡುವ ಆದಾಯವು ಅಷ್ಟು ಕಡಮೆಯಾಗುವುದು. ಶೇಕಡಾ 12ರ ದರದವನಿಗೆ ವರಮಾನ ತೆರಿಗೆಯಲ್ಲಿ ಉಳಿಯುವುದು 588 ಡಾಲರು.

ಮೇವನ್ನು ತರಲು ಹೋದ ಓಡಾಟವು ಲೆಕ್ಕಕ್ಕೆ ಸೇರುವುದು; ನೆಂಟರ ಮನೆಗೆ ಹೋದುದು ಸೇರದು. ಬೇಸಾಯದೊಡನೆ ಪಟ್ಟಣದಲ್ಲಿ ನೌಕರಿಯನ್ನೂ ಮಾಡುವವನು ಮನೆಯಿಂದ ಆ ಕೆಲಸಕ್ಕೆ ದಿನವೂ ಹೋಗಿಬರುವ ಮೈಲಿಗಳನ್ನು ಕಳೆಯುವಂತಿಲ್ಲ.

ರೈತರಿಗೆ ಒಂದು ವಿಶೇಷ ಅನುಕೂಲವಿದೆ. ಕೆಲಸದ ದಿನದ ಹೆಚ್ಚು ಹೊತ್ತು ಗಾಡಿಯು ನೇರವಾಗಿ ಬೇಸಾಯಕ್ಕೆ ಒದಗುತ್ತಿದ್ದರೆ, ಯಾವ ದಾಖಲೆಯೂ ಇಲ್ಲದೆ ಶೇಕಡಾ 75 ಭಾಗವನ್ನು ಬೇಸಾಯದ್ದೆಂದು ತೋರಿಸಬಹುದು. ಇದನ್ನೂ ಮೊದಲನೆಯ ವರ್ಷವೇ ಆರಿಸಬೇಕು, ಅನಂತರ ಬದಲಾಯಿಸಲಾಗದು.

ಮಿಕ್ಕವರಿಗೆ ದಿನಚರಿಯೇ ಆಧಾರ. 1930ರಲ್ಲಿ ಜಾರ್ಜ್ ಕೋಹನ್ ಎಂಬ ನಾಟಕಕಾರನು ರಶೀದಿಗಳಿಲ್ಲದೆ ಪ್ರಯಾಣದ ವೆಚ್ಚವನ್ನು ಕೇಳಿದಾಗ, ನ್ಯಾಯಸ್ಥಾನವು ಅಂದಾಜಿನ ಮೇಲೆ ಒಂದಿಷ್ಟನ್ನು ಒಪ್ಪಬೇಕೆಂದಿತು. 1962ರ ಕಾಯಿದೆಯು ಪ್ರಯಾಣದ ವೆಚ್ಚಗಳಿಗೆ ಈ ಸಡಿಲಿಕೆಯನ್ನು ತೆಗೆದುಹಾಕಿತು. ತಾರೀಖು, ಹೋದ ಸ್ಥಳ, ಕಾರಣ, ಮೈಲಿ ಇವುಗಳನ್ನು ಅಂದಂದೇ ಬರೆದಿಟ್ಟವನು ತನಿಖೆಯಲ್ಲಿ ಪಾರಾಗುವನು. ವರ್ಷಾಂತ್ಯದಲ್ಲಿ ಒಂದೇ ಮಸಿಯಿಂದ ಬರೆದ ಪುಸ್ತಕವು ಅಧಿಕಾರಿಗಳ ಕಣ್ಣಿಗೆ ಬೇಗನೆ ಬೀಳುವುದು.

ನಮ್ಮ ದೇಶದಲ್ಲಿ ವ್ಯವಸಾಯದ ಆದಾಯವು ಕೇಂದ್ರ ಸರ್ಕಾರದ ವರಮಾನ ತೆರಿಗೆಗೆ ಹೊರತಾಗಿರುವುದರಿಂದ, ಹೊಲಗದ್ದೆಗಳಿಗೆ ಓಡಿದ ಖರ್ಚನ್ನು ಕಳೆಯುವ ಪ್ರಶ್ನೆಯೇ ಏಳದು. ಅದನ್ನು ಗಿರಣಿಯ ಖಾತೆಗೆ ತಳ್ಳುವುದೂ ಸಲ್ಲದು. ವ್ಯಾಪಾರಿಗೆ ಇಲ್ಲಿ ಮೈಲಿ ದರವೆಂಬುದಿಲ್ಲ. ನಿಜವಾದ ಖರ್ಚಿನಲ್ಲಿ ವ್ಯಾಪಾರದ ಪಾಲು ಮಾತ್ರ ಸಲ್ಲುವುದು. ಒಂದೇ ಗಾಡಿಯು ಗದ್ದೆಗೂ ಗಿರಣಿಗೂ ಮದುವೆಮನೆಗೂ ಓಡುವ ಕಡೆ, ಚಾಲಕನ ಕೈಯಲ್ಲಿ ಒಂದು ಪುಸ್ತಕವನ್ನು ಕೊಟ್ಟು, ಹೊರಡುವಾಗಲೂ ಹಿಂದಿರುಗಿದಾಗಲೂ ಮೀಟರಿನ ಅಂಕಿಯನ್ನು ಬರೆಯಿಸತಕ್ಕದ್ದು.