ವಯಸ್ಸು, ವರಮಾನ, ನಿವ್ವಳ ಆಸ್ತಿ: ಒಂದು ಲೆಕ್ಕದ ಪಾಠ

ನಮ್ಮ ಕಡೆಯವರು ಇಬ್ಬರು ಕೂಡಿದರೆ, ಊರಿನ ಮಳೆ-ಬೆಳೆ ವಿಚಾರಿಸಿದ ಮೇಲೆ ಕೇಳುವ ಮಾತು, "ಪಗಾರ ಎಷ್ಟು ಬರುತ್ತದೆ?" ಎಂಬುದು. "ಕೈಯಲ್ಲಿ ಎಷ್ಟು ನಿಂತಿದೆ?" ಎಂದು ಯಾರೂ ಕೇಳುವುದಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ. ಆದರೆ ಇತರರು ಕೇಳದ ಈ ಪ್ರಶ್ನೆಯನ್ನು ನಾವು ವರ್ಷಕ್ಕೊಮ್ಮೆಯಾದರೂ ನಮಗೆ ನಾವೇ ಕೇಳಿಕೊಳ್ಳಬೇಕು. ಉತ್ತರವನ್ನು ಯಾವ ವಯಸ್ಸಿನಲ್ಲಿ ಯಾವ ಅಳತೆಯಿಂದ ಅಳೆಯಬೇಕು ಎಂಬುದೇ ಈ ಪಾಠದ ವಿಷಯ.

1. ನಲ್ಲಿ ಮತ್ತು ಹಂಡೆ

ಚಾಳಿನ ನಲ್ಲಿಯಲ್ಲಿ ನೀರು ಹೊತ್ತಿಗೆ ಬರುತ್ತದೆ, ಹೊತ್ತಿಗೆ ನಿಲ್ಲುತ್ತದೆ. ಹಂಡೆ ತುಂಬಿಟ್ಟವರ ಮನೆಯಲ್ಲಿ ಮಾತ್ರ ಮಧ್ಯಾಹ್ನವೂ ನೀರು. ವರಮಾನವೆಂಬುದು ನಲ್ಲಿಯ ನೀರು. ಆಸ್ತಿಯೆಂಬುದು ಹಂಡೆಯಲ್ಲಿ ನಿಂತ ನೀರು. ಸಾಲವು ಹಂಡೆಯ ತೂತು.

ನಲ್ಲಿ ಯಾವಾಗಲೂ ಹೇಳಿ ನಿಲ್ಲುವುದಿಲ್ಲ. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾದಾಗ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಪಗಾರ ಒಟ್ಟಿಗೆ ನಿಂತಿತು. ಮುಷ್ಕರ ವರ್ಷ ದಾಟಿತು. ಸಾವಿರಾರು ಮಂದಿಗೆ ಆ ಕೆಲಸ ಮತ್ತೆ ಸಿಗಲೇ ಇಲ್ಲ. ಇಂಥ ಹೊತ್ತಿನಲ್ಲಿ ಹಿಂದೆ ಎಷ್ಟು ಪಗಾರವಿತ್ತು ಎಂಬುದರಿಂದ ಒಲೆ ಉರಿಯುವುದಿಲ್ಲ. ಅದರಲ್ಲಿ ಎಷ್ಟು ಉಳಿದಿತ್ತು ಎಂಬುದರಿಂದ ಉರಿಯುತ್ತದೆ.

2. ಲೆಕ್ಕ ಹಾಕುವ ರೀತಿ

ಇದ್ದದ್ದರಲ್ಲಿ ಕೊಡಬೇಕಾದದ್ದನ್ನು ಕಳೆದರೆ ಉಳಿಯುವುದೇ ನಿವ್ವಳ ಆಸ್ತಿ. ಉದಾಹರಣೆಗೆ, 35 ವರ್ಷದ ಒಬ್ಬ ಗುಮಾಸ್ತರಿಗೆ ತಿಂಗಳಿಗೆ 25,000 ರೂಪಾಯಿ ಪಗಾರ ಎಂದು ಇಟ್ಟುಕೊಳ್ಳೋಣ.

ಇದ್ದದ್ದು: ಪ್ರಾವಿಡೆಂಟ್ ಫಂಡ್ 2,40,000, ಬ್ಯಾಂಕಿನಲ್ಲಿ 30,000, ಬಂಗಾರ 2,00,000. ಒಟ್ಟು 4,70,000.
ಕೊಡಬೇಕಾದದ್ದು: ಸಹಕಾರಿ ಸಂಘದ ಸಾಲ 1,20,000, ಭಾವನವರಿಂದ ಕೈಗಡ 40,000, ಅಂಗಡಿಯ ಉದ್ದರಿ 10,000. ಒಟ್ಟು 1,70,000.
ನಿವ್ವಳ: 3,00,000.

ಇದು ಅವರ ಒಂದು ವರ್ಷದ ಪಗಾರಕ್ಕೆ ಸಮನಾಯಿತು. ಆಸ್ತಿಯನ್ನು ಹೀಗೆ "ಎಷ್ಟು ವರ್ಷದ ಪಗಾರ" ಎಂಬ ಅಳತೆಯಲ್ಲಿ ಹೇಳುವುದು ಅನುಕೂಲ. ಆಗ ಹೆಚ್ಚು ಪಗಾರದವರನ್ನೂ ಕಡಿಮೆ ಪಗಾರದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಪಟ್ಟಿ ಬರೆಯುವಾಗ ಕೆಲವು ಎಚ್ಚರಿಕೆಗಳು ಅವಶ್ಯ. ಊರಿನ ಪಿತ್ರಾರ್ಜಿತ ಹೊಲವನ್ನು ಪೂರ್ತಿ ತನ್ನದೆಂದು ಬರೆಯಕೂಡದು. ಅಣ್ಣತಮ್ಮಂದಿರ ಪಾಲು ಮಾತ್ರವಲ್ಲ, 2005ರ ತಿದ್ದುಪಡಿಯ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಉಂಟು; ಅವನ್ನೆಲ್ಲ ಕಳೆದು ತನ್ನ ಪಾಲನ್ನಷ್ಟೇ ಬರೆಯಬೇಕು. ವಿಮೆಯ ಪಾಲಿಸಿಯ ಮೇಲೆ ಅಚ್ಚಾದ ಮೊತ್ತವಲ್ಲ, ಇಂದು ಪಾಲಿಸಿಯನ್ನು ಒಪ್ಪಿಸಿದರೆ ಬರುವ ಮೊತ್ತವೇ ಲೆಕ್ಕಕ್ಕೆ. ಬಾಡಿಗೆಯ ಖೋಲಿ ನಮ್ಮ ಆಸ್ತಿಯಲ್ಲ. ಕೊಟ್ಟ ಕೈಗಡದಲ್ಲಿ ತಿರುಗಿ ಬರುವಷ್ಟನ್ನು ಮಾತ್ರ ಬರೆಯುವುದು ಜಾಣತನ.

3. ವಯಸ್ಸಿಗೆ ತಕ್ಕ ನಿರೀಕ್ಷೆ

ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಅರ್ಥಶಾಸ್ತ್ರಜ್ಞ ಫ್ರಾಂಕೊ ಮೊಡಿಲ್ಯಾನಿಯವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅವರ ಮುಖ್ಯ ವಿಚಾರವನ್ನು ಸರಳವಾಗಿ ಹೀಗೆ ಹೇಳಬಹುದು: ಮನುಷ್ಯನ ದುಡಿಮೆ ಕೆಲವು ದಶಕಗಳದ್ದು, ಊಟ ಬಾಳಿನುದ್ದಕ್ಕೂ ಬೇಕಾದದ್ದು, ಆದುದರಿಂದ ನಡುವಯಸ್ಸಿನಲ್ಲಿ ಕೂಡಿಟ್ಟು ಇಳಿವಯಸ್ಸಿನಲ್ಲಿ ಉಣ್ಣುತ್ತಾನೆ.

ಈ ದೃಷ್ಟಿಯಿಂದ ನೋಡಿದರೆ ಇಪ್ಪತ್ತೈದರ ಹುಡುಗನ ನಿವ್ವಳ ಸೊನ್ನೆಯಾದರೂ, ತಂಗಿಯ ಮದುವೆಯ ಸಾಲದಿಂದ ಸೊನ್ನೆಗಿಂತ ಕೆಳಗಿದ್ದರೂ ಅದು ನಾಚಿಕೆಯ ಸಂಗತಿಯಲ್ಲ. ಅವನ ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕಿದ ದುಡಿಮೆಯಿದೆ. ಅದೇ ಅವನ ಆಸ್ತಿ. ಆದರೆ ಅದೇ ಸೊನ್ನೆ ಐವತ್ತೈದರಲ್ಲಿ ಇದ್ದರೆ ಚಿಂತಿಸತಕ್ಕದ್ದು.

ಇನ್ನೊಂದು ಉದಾಹರಣೆ. ಇಬ್ಬರಿಗೂ 45 ವರ್ಷ. ಮೊದಲನೆಯವರಿಗೆ ತಿಂಗಳಿಗೆ 40,000 ಪಗಾರ, ನಿವ್ವಳ ಆಸ್ತಿ 2,40,000. ಎರಡನೆಯವರಿಗೆ 28,000 ಪಗಾರ, ನಿವ್ವಳ 10,08,000. ಮೊದಲನೆಯವರ ಹಂಡೆಯಲ್ಲಿ ಆರು ತಿಂಗಳ ಪಗಾರದಷ್ಟು ನೀರಿದ್ದರೆ, ಎರಡನೆಯವರ ಹಂಡೆಯಲ್ಲಿ ಮೂರು ವರ್ಷದ್ದಿದೆ. ಪಗಾರದಲ್ಲಿ ಹಿಂದಿದ್ದವರೇ ಆಸ್ತಿಯಲ್ಲಿ ಮುಂದಿದ್ದಾರೆ.

4. ಒಂಬತ್ತು ವರ್ಷಗಳ ಮೆಟ್ಟಿಲು

ನೂರಕ್ಕೆ 8ರ ಚಕ್ರಬಡ್ಡಿಯಲ್ಲಿ ಹಣವು ಸುಮಾರು 9 ವರ್ಷಕ್ಕೆ ಇಮ್ಮಡಿಯಾಗುತ್ತದೆ. (2024-25ನೇ ಸಾಲಿಗೆ ಪ್ರಾವಿಡೆಂಟ್ ಫಂಡಿನ ಬಡ್ಡಿ ನೂರಕ್ಕೆ 8.25 ಇತ್ತು.) 10,000 ರೂಪಾಯಿಯನ್ನು ಇಟ್ಟು ಮುಟ್ಟದೆ ಬಿಟ್ಟರೆ 58ನೇ ವಯಸ್ಸಿಗೆ ಎಷ್ಟಾದೀತು?

22ರಲ್ಲಿ ಇಟ್ಟರೆ: ಸುಮಾರು 1,60,000
31ರಲ್ಲಿ ಇಟ್ಟರೆ: ಸುಮಾರು 80,000
40ರಲ್ಲಿ ಇಟ್ಟರೆ: ಸುಮಾರು 40,000
49ರಲ್ಲಿ ಇಟ್ಟರೆ: ಸುಮಾರು 20,000

ಇದನ್ನು ಕಂಡು ಹಿಗ್ಗುವ ಮುನ್ನ ಬೆಲೆಯೇರಿಕೆಯನ್ನೂ ನೆನೆಯಬೇಕು. ಸಾಮಾನಿನ ಬೆಲೆ ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷಕ್ಕೆ ಇಮ್ಮಡಿ, 36 ವರ್ಷಕ್ಕೆ ಎಂಟು ಪಟ್ಟು. ಆಗ ಆ 1,60,000ಕ್ಕೆ ಇಂದಿನ 20,000 ರೂಪಾಯಿಯ ಅಕ್ಕಿ-ಬೇಳೆಯಷ್ಟೇ ಬರುತ್ತದೆ. ಲಾಭ ಹದಿನಾರು ಪಟ್ಟಲ್ಲ, ಎರಡು ಪಟ್ಟು. ಆದರೆ ಅದೇ ಹಣವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಎಂಟರಲ್ಲಿ ಒಂದು ಪಾಲಿನ ಬೆಲೆಯಷ್ಟೇ ಉಳಿಯುತ್ತಿತ್ತು.

ಇಲ್ಲಿಯೇ ನಮ್ಮ ತರುಣರು ಲಕ್ಷ್ಯ ಕೊಡಬೇಕಾದ ಒಂದು ಸಂಗತಿಯಿದೆ. ಒಂದು ಕಡೆ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರುವಾಗ ಫಂಡಿನ ಹಣವನ್ನು ತೆಗೆದು ಖರ್ಚು ಮಾಡುವ ರೂಢಿ ಬಹಳವಿದೆ. ಇಪ್ಪತ್ತಾರರಲ್ಲಿ ತೆಗೆದ ಹಣ ಸಣ್ಣದೆಂದು ಕಾಣುತ್ತದೆ; ಆದರೆ ಇಮ್ಮಡಿಯಾಗಲು ಹೆಚ್ಚು ಮೆಟ್ಟಿಲು ಉಳಿದಿದ್ದ ಹಣವೇ ಅದು. 2014ರಿಂದ ಪ್ರತಿ ಸದಸ್ಯನಿಗೂ ಒಂದೇ ಖಾಯಂ ಸಂಖ್ಯೆ ಕೊಡುವ ಏರ್ಪಾಡಾಗಿದೆ. ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಬಹುದು.

ಸಾಲದ ಮಾತೂ ಹಾಗೆಯೇ. ತಿಂಗಳಿಗೆ ನೂರಕ್ಕೆ 3 ಬಡ್ಡಿ ಎಂದರೆ ವರ್ಷಕ್ಕೆ 36. ಅಂಥ ಸಾಲವಿರುವಾಗ ನೂರಕ್ಕೆ 8ರಂತೆ ಕೂಡಿಡುವುದೆಂದರೆ ತೂತಿನ ಹಂಡೆಗೆ ಚೊಂಬಿನಲ್ಲಿ ನೀರು ಹೊಯ್ದಂತೆ. ಮೊದಲು ತೂತು ಮುಚ್ಚಬೇಕು.

5. ಯಾರೊಡನೆ ಹೋಲಿಕೆ?

ಸರಾಸರಿ ಎಂಬ ಮಾತಿಗೆ ಮೋಸಹೋಗಬಾರದು. ಭಾರತ ಸರಕಾರದ 2019ರ ಸಾಲ ಮತ್ತು ಹೂಡಿಕೆ ಸಮೀಕ್ಷೆಯಂತೆ ಪಟ್ಟಣದ ಒಂದು ಮನೆತನದ ಸರಾಸರಿ ಆಸ್ತಿ, ಸಾಲ ಕಳೆಯುವ ಮೊದಲು, ಸುಮಾರು 27 ಲಕ್ಷ ರೂಪಾಯಿ. ಇದನ್ನು ಓದಿ ಖೋಲಿಯಲ್ಲಿರುವವನ ಎದೆ ಒಡೆಯಬಹುದು. ಆದರೆ ಅದೇ ಸಮೀಕ್ಷೆಯಂತೆ ನೂರರಲ್ಲಿ ಮೇಲಿನ ಹತ್ತು ಮನೆಗಳ ಕೈಯಲ್ಲೇ ಅರ್ಧಕ್ಕಿಂತ ಹೆಚ್ಚು ಆಸ್ತಿಯಿತ್ತು. ಕೆಳಗಿನ ಐವತ್ತು ಮನೆಗಳಿಗೆಲ್ಲ ಸೇರಿ ನೂರಕ್ಕೆ 6ರಷ್ಟು ಪಾಲು. ಭಾಗಿಸಿ ನೋಡಿದರೆ ಆ ಐವತ್ತು ಮನೆಗಳ ಸರಾಸರಿ ಮೂರೂಕಾಲು ಲಕ್ಷದ ಆಸುಪಾಸು. ಕೆಲವೇ ದೊಡ್ಡ ಮನೆಗಳು ಸರಾಸರಿಯನ್ನು ಮೇಲಕ್ಕೆ ಎಳೆದಿದ್ದವು.

ಆದುದರಿಂದ ಇಪ್ಪತ್ತೈದರವನು ಐವತ್ತರವರ ಮನೆ ನೋಡಿ ಕುಗ್ಗಬಾರದು. ಐವತ್ತರವರು ಇಪ್ಪತ್ತೈದರವನ ಪಗಾರ ನೋಡಿ ಕರುಬಬಾರದು. ಸರಿಯಾದ ಹೋಲಿಕೆ ಒಂದೇ: ಹೋದ ವರ್ಷದ ನಾನು, ಈ ವರ್ಷದ ನಾನು. ಪಗಾರ ನೂರಕ್ಕೆ 10 ಏರಿ ನಿವ್ವಳ ಅಲ್ಲೇ ನಿಂತಿದ್ದರೆ, ಏರಿದ ನೀರೆಲ್ಲ ಮೋರಿಗೆ ಹೋಯಿತೆಂದೇ ಅರ್ಥ.

ಯುಗಾದಿಯೋ ದೀಪಾವಳಿಯ ಪಾಡ್ಯವೋ, ಒಂದು ದಿನ ಗೊತ್ತುಮಾಡಿಕೊಂಡು ನೋಟುಬುಕ್ಕಿನಲ್ಲಿ ಐದು ಸಾಲು ಬರೆದಿಡಿ: ವಯಸ್ಸು, ವರ್ಷದ ವರಮಾನ, ಇದ್ದದ್ದು, ಕೊಡಬೇಕಾದದ್ದು, ನಿವ್ವಳ. ಬರೆದದ್ದನ್ನು ಮನೆಯಾಕೆಗೂ ತೋರಿಸಿಡಿ. ಯಾವ ಕಾಗದ ಎಲ್ಲಿದೆ ಎಂಬುದು ಒಬ್ಬರಿಗೇ ತಿಳಿದಿದ್ದರೆ ಕಷ್ಟಕಾಲದಲ್ಲಿ ಆ ಆಸ್ತಿ ಇದ್ದೂ ಇಲ್ಲದಂತೆ. ಲೆಕ್ಕ ತೊಡಕಾದರೆ ಪಾಸ್‌ಬುಕ್ಕು ಹಿಡಿದು ರವಿವಾರ ವಾಚನಾಲಯಕ್ಕೆ ಬನ್ನಿರಿ, ಜೊತೆಗೆ ಕುಳಿತು ನೋಡೋಣ.