ಪುಟ್ಟ ಕಡಲಲ್ಲಿ ಯಾರ ಜೊತೆ ಯಾರು?

ಪ್ರಶ್ನೆ: ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ ಮಾಡಿಸಿದ್ದೇವೆ. ಮಕ್ಕಳಿಗೆ ಸಮುದ್ರದ ಮೀನೇ ಬೇಕಂತೆ. ಎರಡು ಕ್ಲೌನ್‌ಫಿಷ್, ಒಂದು ಬ್ಲೂ ಟ್ಯಾಂಗ್, ಮೂರು ನೀಲಿ ಡ್ಯಾಮ್ಸೆಲ್, ಒಂದು ಮ್ಯಾಂಡರಿನ್, ಒಂದು ಲಯನ್‌ಫಿಷ್ ಬಿಟ್ಟರೆ ತೊಟ್ಟಿ ತುಂಬಿ ಕಾಣುತ್ತದೆ ಎಂದು ಅಂಗಡಿಯವರು ಪಟ್ಟಿ ಕೊಟ್ಟಿದ್ದಾರೆ. ಇವು ಹೊಂದಿಕೊಳ್ಳುತ್ತವೆಯೇ ಸರ್?
– ಓದುಗರೊಬ್ಬರು, ಗಂಜಾಂ, ಶ್ರೀರಂಗಪಟ್ಟಣ

ಉತ್ತರ: ಕ್ಲೌನ್‌ಫಿಷ್ ಎರಡನ್ನು ಉಳಿಸಿಕೊಂಡು ಮಿಕ್ಕ ಪಟ್ಟಿ ಹರಿದುಹಾಕಿ. ನಿಮ್ಮ ತೊಟ್ಟಿಯಲ್ಲಿ ಮರಳು, ಕಲ್ಲು ಕಳೆದರೆ ನೀರು ಉಳಿಯುವುದು ಸುಮಾರು 100 ಲೀಟರ್. ಇಷ್ಟರಲ್ಲಿ ಬಣ್ಣ ನೋಡಿ ಮೀನು ಆರಿಸಿದರೆ ಕೆಟ್ಟಿರಿ. ಬಾಯಿ ಎಷ್ಟು ದೊಡ್ಡದು, ದೊಡ್ಡದಾದಾಗ ಮೈ ಎಷ್ಟು ಬೆಳೆಯುತ್ತದೆ, ತೊಟ್ಟಿಯಲ್ಲಿ ಯಾವ ಜಾಗ ತನ್ನದೆನ್ನುತ್ತದೆ, ಇವನ್ನು ಮೊದಲು ಕೇಳಬೇಕು.

ಲಯನ್‌ಫಿಷ್ ಬಾಯಲ್ಲಿ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಬೆನ್ನಿನ ಮುಳ್ಳಿನಲ್ಲಿ ವಿಷವೂ ಇದೆ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಎರಡು ಅಂಗುಲವಿದ್ದರೂ ಬೆಳೆದರೆ ಅಡಿಯುದ್ದ. ಸದಾ ಈಜಾಡುವ ಮೀನು, ನಿಮ್ಮ ತೊಟ್ಟಿಯಲ್ಲಿ ತಿರುಗಲೂ ಜಾಗ ಸಾಲದು. ಮ್ಯಾಂಡರಿನ್ ಸಾಧು ಪ್ರಾಣಿ, ಆದರೆ ಕಲ್ಲಿನ ಮೇಲೆ ಹರಿದಾಡುವ ಕಣ್ಣಿಗೆ ಕಂಡೂ ಕಾಣದ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ನೀವು ಹಾಕುವ ಕಾಳನ್ನು ಅದು ಮೂಸಿಯೂ ನೋಡದೆ ಹೊಟ್ಟೆ ಬೆನ್ನಿಗೆ ಅಂಟಿಸಿಕೊಂಡು ಸಾಯುತ್ತದೆ. ಅಂಥ ಮೀನನ್ನು ಹೊಸಬರಿಗೆ ಮಾರುವುದು ನನ್ನ ಲೆಕ್ಕದಲ್ಲಿ ಪಾಪದ ಕೆಲಸ.

ಇನ್ನು ಡ್ಯಾಮ್ಸೆಲ್. ಅಗ್ಗ, ಗಟ್ಟಿ, ಹಾಗಾಗಿ ಎಲ್ಲರೂ ಮೊದಲು ಅದನ್ನೇ ಬಿಡುತ್ತಾರೆ. ಒಂದು ತಿಂಗಳಲ್ಲಿ ತೊಟ್ಟಿಯ ಪಟ್ಟಾ ಅದರ ಹೆಸರಿಗೆ ಆಗಿರುತ್ತದೆ. ಆಮೇಲೆ ಬಂದವರ ರೆಕ್ಕೆ ಉಳಿಯುವುದಿಲ್ಲ.

ಬದಲಿಗೆ ಹೀಗೆ ಮಾಡಿ. ತೊಟ್ಟಿ ನಡೆಸಿ ನಾಲ್ಕರಿಂದ ಆರು ವಾರ ಮೀನಿಲ್ಲದೆ ಬಿಡಿ. ನೀರು ಪರೀಕ್ಷಿಸುವ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೊದಲು ಒಂದೇ ಒಂದು ಫೈರ್‌ಫಿಷ್. ಅದು ಅಂಜುಬುರುಕ, ಬೆದರಿದರೆ ಹೊರಗೆ ಹಾರುತ್ತದೆ. ಮೇಲೆ ಬಲೆಯ ಮುಚ್ಚಳ ಬೇಕು. ಎರಡು ಮೂರು ವಾರ ಬಿಟ್ಟು ಒಂದು ಗೋಬಿ, ಜೊತೆಗೆ ಪಿಸ್ತೂಲ್ ಸಿಗಡಿ. ಇವೆರಡರ ಸಂಸಾರವನ್ನು ಮಕ್ಕಳಿಗೆ ತೋರಿಸಿ. ಸಿಗಡಿಗೆ ಕಣ್ಣು ಮಂದ. ಅದು ಮರಳು ತೋಡಿ ಬಿಲದ ಬಾಯಿಗೆ ತಂದು ಹಾಕುವಾಗ ಒಂದು ಮೀಸೆಯನ್ನು ಗೋಬಿಯ ಮೈಮೇಲೆ ಇಟ್ಟಿರುತ್ತದೆ. ಗೋಬಿ ಬಾಗಿಲಲ್ಲಿ ಕಾವಲು. ಅಪಾಯ ಕಂಡು ಬಾಲ ಅಲುಗಿಸಿತೋ, ಇಬ್ಬರೂ ಒಳಗೆ. ಎಲ್ಲ ಗೋಬಿಗೂ ಈ ಗೆಳೆತನವಿಲ್ಲ, ಸಿಗಡಿಯೊಂದಿಗೆ ಬಾಳುವ ಜಾತಿಯನ್ನೇ ಕೇಳಿ ತನ್ನಿ.

ಕ್ಲೌನ್‌ಫಿಷ್ ಜೋಡಿ ಕೊನೆಗೆ. ಒಂದು ದೊಡ್ಡದು, ಒಂದು ಚಿಕ್ಕದು ಕೊಳ್ಳಿ. ಈ ಜಾತಿಯಲ್ಲಿ ಹುಟ್ಟುವಾಗ ಎಲ್ಲವೂ ಗಂಡೇ, ಯಜಮಾನಿಕೆ ಹಿಡಿದ ದೊಡ್ಡದು ಹೆಣ್ಣಾಗುತ್ತದೆ. ಸಮ ಗಾತ್ರದವನ್ನು ತಂದರೆ ಅದು ತೀರ್ಮಾನವಾಗುವವರೆಗೆ ಜಗಳ. ಒಟ್ಟು ನಾಲ್ಕು ಮೀನು, ಅಲ್ಲಿಗೆ ನಿಲ್ಲಿಸಿ. ಮೀನಿಗೆ ಬಿಳಿ ಚುಕ್ಕಿ ಬಂತೆಂದು ತಾಮ್ರದ ಔಷಧಿಯನ್ನು ಈ ತೊಟ್ಟಿಗೆ ಹಾಕಬೇಡಿ, ಸಿಗಡಿ ಸಾಯುತ್ತದೆ. ಕಾಯಿಲೆಯ ಮೀನಿಗೆ ಬೇರೆ ಡಬ್ಬ ಇಡಿ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿಗೆ ಕಲ್ಲುಪ್ಪು ಕರಗಿಸಿದರೆ ಸಾಲದೇ? ಇಲ್ಲ, ಮಂಗಳೂರಿಂದ ಕ್ಯಾನಿನಲ್ಲಿ ಸಮುದ್ರದ ನೀರೇ ತರಿಸಲೇ?
– ನಾಗಮಂಗಲ

ಉತ್ತರ: ಎರಡೂ ಬೇಡ. ಅಡುಗೆ ಉಪ್ಪಿನಲ್ಲಿ ಸಮುದ್ರದ ಕ್ಯಾಲ್ಸಿಯಂ, ಮೆಗ್ನೀಷಿಯಂ ಆ ಪ್ರಮಾಣದಲ್ಲಿ ಇರುವುದಿಲ್ಲ. ಗಡಸು ನೀರಿನ ಬೋರ್ ಇನ್ನೊಂದು ತಲೆನೋವು. ಮಂಗಳೂರಿನ ದಡದ ನೀರಿಗೆ ಮಳೆಗಾಲದಲ್ಲಿ ನೇತ್ರಾವತಿಯ ಸಿಹಿನೀರು, ಕೆಸರು ಸೇರಿ ಉಪ್ಪು ಇಳಿದಿರುತ್ತದೆ. ಆರ್‌ಒ ನೀರಿಗೆ ಅಕ್ವೇರಿಯಂನ ಸಮುದ್ರ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ ಬೆರೆಸಿ, ಹೈಡ್ರೋಮೀಟರ್ 1.025ರ ಆಸುಪಾಸು ತೋರಿಸಬೇಕು. ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಗಾಜಿನ ಮೇಲೆ ಗೆರೆ ಹಾಕಿಟ್ಟು, ಇಳಿದಷ್ಟನ್ನು ಬರೀ ಆರ್‌ಒ ನೀರಿನಿಂದ ತುಂಬಿ. ಉಪ್ಪುನೀರು ಸುರಿದರೆ ದಿನೇ ದಿನೇ ಉಪ್ಪೇರುತ್ತದೆ. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಪಂಪ್ ಒಂದಿರಲಿ. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಸಿನಿಮಾದಲ್ಲಿ ನೀಮೊ ಎಂಬ ಕ್ಲೌನ್‌ಫಿಷ್ ಹೂವಿನಂಥ ಗಿಡದೊಳಗೆ ಇರುತ್ತದಲ್ಲ, ಅದೂ ಬೇಕಾ ಸರ್? ಹವಳ, ಕಡಲ ಕುದುರೆ ಎಲ್ಲಿ ಸಿಗುತ್ತದೆ?
– ಪಿಯುಸಿ ವಿದ್ಯಾರ್ಥಿ, ಪಾಂಡವಪುರ

ಉತ್ತರ: ಅದು ಗಿಡವಲ್ಲಪ್ಪ, ಪ್ರಾಣಿ. ಹೆಸರು ಅನೆಮೊನಿ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್‌ಫಿಷ್‌ಗೆ ಅದಿಲ್ಲದೆಯೂ ನಡೆಯುತ್ತದೆ. ಅನೆಮೊನಿಗೆ ಪ್ರಖರ ಬೆಳಕು, ಪಳಗಿದ ತೊಟ್ಟಿ ಬೇಕು. ಒಪ್ಪದಿದ್ದರೆ ತೆವಳಿಕೊಂಡು ಹೋಗಿ ಪಂಪಿಗೆ ಸಿಕ್ಕಿ ಚೂರಾಗುತ್ತದೆ, ಇಡೀ ನೀರು ಕೆಡುತ್ತದೆ. ಕ್ಲೌನ್‌ಫಿಷ್ ಮರಿ ಮಾಡಿಸುವುದನ್ನು ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದವರು ಸಾಧಿಸಿದ್ದಾರೆ. ಸಾಕಿದ ಮರಿಯನ್ನೇ ಕೇಳಿ ಕೊಳ್ಳು.

ದಿಬ್ಬ ಕಟ್ಟುವ ಗಟ್ಟಿ ಹವಳ, ಕಡಲ ಕುದುರೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಾನೂನಿನಲ್ಲಿ ಹುಲಿಗೂ ಅಲ್ಲೇ ಜಾಗ. ಯಾರಾದರೂ ಕದ್ದುಮುಚ್ಚಿ ಮಾರಲು ಬಂದರೆ ದೂರವಿರು. ಬೇಯಿಸಿದ ಮಣ್ಣಿನ ಕಲ್ಲುಗಳನ್ನು ಸಂದುಗೊಂದು ಬರುವಂತೆ ಜೋಡಿಸಿದರೆ ಮೀನಿಗೆ ಯಾವ ಕೊರತೆಯೂ ಇಲ್ಲ.

ಪ್ರಶ್ನೆ: ನಿಮ್ಮ ಅಂಕಣ ಗಾಜಿನ ಪೆಟ್ಟಿಗೆಯವರಿಗೆ ಮಾತ್ರವೋ? ನಮ್ಮ ಕೃಷಿ ಹೊಂಡ 21 ಮೀಟರ್ ಉದ್ದಗಲ, ಟಾರ್ಪಾಲ್ ಹಾಸಿದೆ. ಹೋದ ವರ್ಷ ಬಿಟ್ಟ ಮರಿ ಅರ್ಧಕ್ಕರ್ಧ ಮಾಯ. ಯಾವ ಯಾವ ಮೀನು ಒಟ್ಟಿಗೆ ಬಿಡಬೇಕು?
– ರೈತರು, ಕಿಕ್ಕೇರಿ, ಕೆ.ಆರ್. ಪೇಟೆ

ಉತ್ತರ: ನಿಮಗೂ ಅದೇ ಲೆಕ್ಕ ಅಣ್ಣ, ಬಾಯಿ ಮತ್ತು ಜಾಗ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಹೆಕ್ಟೇರಿಗೆ 5000 ಮರಿಯ ಲೆಕ್ಕದಲ್ಲಿ ನಿಮ್ಮ ಹೊಂಡಕ್ಕೆ 200 ಸಾಕು. ಮಣ್ಣಿನ ಕೆರೆಯಲ್ಲಿ ತಳದ ಮೀನಿಗೆ ಪಾಲು ಜಾಸ್ತಿ ಕೊಡುತ್ತಾರೆ. ನಿಮ್ಮಲ್ಲಿ ತಳಕ್ಕೆ ಕೆಸರಿಲ್ಲ, ಆದ್ದರಿಂದ ನಾನಾದರೆ ರೋಹು 80, ಕಾಟ್ಲಾ 70, ಮೃಗಾಲ್ 50 ಬಿಡುತ್ತೇನೆ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಗೆ ನಿಷೇಧವಿದೆ, ಯಾರು ಆಸೆ ತೋರಿಸಿದರೂ ತರಬೇಡಿ. ಜಿಲೇಬಿ ಮೀನು ಹೊಂಡ ಸೇರಿದರೆ ಮರಿ ಹಾಕಿ ಹಾಕಿ ಮಿಕ್ಕವರ ಮೇವು ಖಾಲಿ ಮಾಡುತ್ತದೆ.

ಮರಿ ಮಾಯವಾದದ್ದಕ್ಕೆ ನನ್ನ ಅನುಮಾನ ಕೊರಮೀನಿನ ಮೇಲೆ. ಹೇಮಾವತಿ ನಾಲೆ ನೀರು ತುಂಬಿಸಿಕೊಂಡಿದ್ದರೆ ಅದರ ಜೊತೆಗೇ ಬಂದಿರುತ್ತದೆ. ನೀರು ತಳ ಹಿಡಿದಾಗ ಬೀಸುಬಲೆ ಹಾಕಿ ನೋಡಿ, ಮುಂದಿನ ಸಲ ನೀರು ಬರುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಬೆರಳುದ್ದಕ್ಕಿಂತ ಚಿಕ್ಕ ಮರಿ ಬಿಡಬೇಡಿ. ಬಲೆಗೆ ಬಿದ್ದ ಕೊರಮೀನಿಗೆ ಸಂತೆಯಲ್ಲಿ ಒಳ್ಳೆ ಬೆಲೆಯಿದೆ, ಹೊಸ ಮರಿಯ ದುಡ್ಡು ಅದರಲ್ಲೇ ಹುಟ್ಟಬಹುದು.